ಸಂಕಲಿತದಿಂದ ಕ್ಯಾಲ್ಕುಲಸ್‌ವರೆಗೆ: ಕಾಸರಗೋಡಿನಿಂದ ನೋಡಿದ ಗಣಿತದ ಗದ್ಯ

ಗಡಿನಾಡಿನ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಶಾಲೆ, ಯಕ್ಷಗಾನ, ಸಾಹಿತ್ಯ ಇವುಗಳನ್ನು ಎತ್ತಿಕೊಳ್ಳುತ್ತೇವೆ. ನಾನು ಎತ್ತಿಕೊಂಡದ್ದು ಎಂಜಿನಿಯರಿಂಗ್ ಮೊದಲ ವರ್ಷದ ಗಣಿತವನ್ನು. ಕನ್ನಡ ಎಂ.ಎ. ಓದುವವಳಿಗೆ ಇದರಲ್ಲೇನು ಕೆಲಸ ಅಂತ ನೀವು ಕೇಳಬಹುದು. ಗಣಿತಕ್ಕೂ ಗದ್ಯ ಬೇಕಲ್ಲ? ಕನ್ನಡದಲ್ಲಿ ಆ ಗದ್ಯ ಎಲ್ಲಿವರೆಗೆ ಬಂತು, ಎಲ್ಲಿ ನಿಂತಿತು ಎನ್ನುವುದು ಸಾಹಿತ್ಯ ಚರಿತ್ರೆಯದೇ ಪ್ರಶ್ನೆ ಎಂದು ನನ್ನ ತಿಳುವಳಿಕೆ.

ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಕನ್ನಡ ಮಾಧ್ಯಮ ಶಾಲೆಗಳು ಇಂದಿಗೂ ಇವೆ. ಹತ್ತನೆಯ ತರಗತಿವರೆಗೆ ಪರಿಧಿ, ವ್ಯಾಸ, ಸಮಾಂತರ ಶ್ರೇಢಿ ಎಂದು ಕಲಿತವರು ಪ್ಲಸ್ ಟೂಗೆ ಹೋದಾಗ ಪಾಠ ಹೆಚ್ಚಾಗಿ ಇಂಗ್ಲಿಷಿಗೆ ತಿರುಗುತ್ತದೆ. ಅಲ್ಲಿಂದ 2019ರ ಪಠ್ಯಕ್ರಮದಡಿ ಎಂಜಿನಿಯರಿಂಗ್ ಸೇರಿದವರಿಗೆ ಮೊದಲ ಸೆಮಿಸ್ಟರಿನಲ್ಲೇ ‘ಲೀನಿಯರ್ ಆಲ್ಜೀಬ್ರಾ ಆಂಡ್ ಕ್ಯಾಲ್ಕುಲಸ್’ ಇತ್ತು. ಕೇರಳದ ತಾಂತ್ರಿಕ ವಿಶ್ವವಿದ್ಯಾಲಯದ ಆ ಪಠ್ಯಕ್ರಮ ನೋಡಿದರೆ ಅದರ ಕೊನೆಯ ಭಾಗಗಳಲ್ಲಿ ಅನಂತ ಶ್ರೇಣಿಗಳು, ಟೇಲರ್ ಶ್ರೇಣಿ, ಫೋರಿಯರ್ ಶ್ರೇಣಿ ಬರುತ್ತಿದ್ದವು. ನನ್ನ ಜೊತೆ ಕನ್ನಡ ಮಾಧ್ಯಮದಲ್ಲಿ ಓದಿದವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಲೆಕ್ಕ ಮಾಡಿ ಮುಗಿಸುತ್ತಾರೆ. ಆದರೆ ‘ಈ ಶ್ರೇಣಿ ಯಾಕೆ ಒಂದು ಬೆಲೆಗೆ ಹೋಗಿ ಕೂರುತ್ತದೆ’ ಎಂದು ಕೇಳಿದರೆ ಉತ್ತರಿಸಲು ಯಾವ ಭಾಷೆಯಲ್ಲೂ ವಾಕ್ಯ ಸಿಗುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಗಳಿಂದ ಬಂದವರಿಗೂ ಇದು ಹೊಸ ಸುದ್ದಿಯಾಗಿರಲಾರದು.

ಈಗ ಹಿಂದಕ್ಕೆ ಹೋಗೋಣ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಕನ್ನಡದಲ್ಲಿ ಅದಕ್ಕೆ ಟೀಕೆ ಹುಟ್ಟಿತು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಮೂಲವನ್ನು ಪ್ರಕಟಿಸಿದಾಗ ಕನ್ನಡ ಲಿಪಿಯ ಹಸ್ತಪ್ರತಿಗಳು ನೆರವಿಗೆ ಬಂದಿದ್ದವು. 12ನೇ ಶತಮಾನದ ಜೈನಕವಿ ರಾಜಾದಿತ್ಯ ನೇರ ಕನ್ನಡದಲ್ಲೇ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಲೀಲಾವತಿ’ ಮುಂತಾದವನ್ನು ಬರೆದ. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಇವನಿಗೆ ಸಾಮಾನ್ಯವಾಗಿ ಅರ್ಧ ಪುಟ ಸಿಗುತ್ತದೆ. ಪಂಪ, ರನ್ನರಿಗೆ ಅಧ್ಯಾಯಗಳೇ ಇವೆ. ಇರಲಿ.

ರಾಜಾದಿತ್ಯನ ಗಣಿತ ಮುಖ್ಯವಾಗಿ ಬಳಕೆಯ ಗಣಿತ: ತ್ರೈರಾಶಿ, ಪಂಚರಾಶಿ, ಹೊಲಗದ್ದೆಯ ಅಳತೆ, ವ್ಯಾಪಾರದ ಲೆಕ್ಕ. ಸೂತ್ರ ಹೇಳುತ್ತಾನೆ, ಉದಾಹರಣೆ ಕೊಡುತ್ತಾನೆ. ಸೂತ್ರ ಯಾಕೆ ಸರಿ ಎಂದು ಉದ್ದಕ್ಕೆ ವಾದಿಸುವ ಗದ್ಯ ಆ ಪರಂಪರೆಯ ಗುರಿಯಾಗಿರಲಿಲ್ಲ.

ಆ ಗದ್ಯ ಬೆಳೆದದ್ದು ನಮ್ಮ ಪಕ್ಕದ ಭಾಷೆಯಲ್ಲಿ. ಸುಮಾರು 1530ರಲ್ಲಿ ಜ್ಯೇಷ್ಠದೇವ ಮಲಯಾಳ ಗದ್ಯದಲ್ಲಿ ‘ಯುಕ್ತಿಭಾಷಾ’ ಬರೆದ. 14ನೇ ಶತಮಾನದ ಸಂಗಮಗ್ರಾಮದ ಮಾಧವನಿಂದ ಬಂದ ಅನಂತ ಶ್ರೇಣಿಗಳಿಗೆ ಅದರಲ್ಲಿ ಹಂತಹಂತವಾದ ಸಮರ್ಥನೆ ಇದೆ. ವ್ಯಾಸವನ್ನು ನಾಲ್ಕರಿಂದ ಗುಣಿಸಿ, ಅದರ ಮೂರನೇ ಒಂದನ್ನು ಕಳೆದು, ಐದನೇ ಒಂದನ್ನು ಕೂಡಿಸಿ, ಏಳನೇ ಒಂದನ್ನು ಕಳೆಯುತ್ತ ಹೋದರೆ ಪರಿಧಿ ಸಿಗುತ್ತದೆ ಎಂಬ ಶ್ರೇಣಿ ಅದರಲ್ಲೊಂದು. ಯುರೋಪಿನಲ್ಲಿ ಇದು ಗ್ರೆಗೊರಿ, ಲೈಬ್ನಿಜ್ ಹೆಸರಿನಲ್ಲಿ ಪ್ರಸಿದ್ಧವಾದದ್ದು 1670ರ ದಶಕದಲ್ಲಿ. ಕಂಪನಿಯ ಅಧಿಕಾರಿ ಚಾರ್ಲ್ಸ್ ವಿಶ್ ಕೇರಳದ ಈ ಗ್ರಂಥಗಳ ಬಗ್ಗೆ ಬರೆದ ಲೇಖನ 1834ರಲ್ಲಿ ಅಚ್ಚಾಯಿತು. ಆಮೇಲೂ ನೂರು ವರ್ಷ ಹೆಚ್ಚಿನವರು ಗಮನಿಸಲಿಲ್ಲ. ಯುಕ್ತಿಭಾಷೆಯ ಗಣಿತಭಾಗ ಟಿಪ್ಪಣಿಯೊಂದಿಗೆ ತೃಶ್ಶೂರಿನಲ್ಲಿ ಪ್ರಕಟವಾದದ್ದು 1948ರಲ್ಲಿ.

ಒಂದು ಹಸ್ತಪ್ರತಿಯಲ್ಲಿ ಮಾಧವನನ್ನು ‘ಎಂಬ್ರಾನ್’ ಎಂದು ಕರೆದಿದೆ. ತುಳುನಾಡಿನಿಂದ ಹೋಗಿ ಕೇರಳದಲ್ಲಿ ನೆಲೆಸಿದ ಎಂಬ್ರಾಂದಿರಿಗಳ ಸಮುದಾಯವನ್ನು ಇದು ಸೂಚಿಸುತ್ತದೆ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಇಷ್ಟನ್ನೇ ಹಿಡಿದು ‘ಮಾಧವ ನಮ್ಮವನು’ ಎಂದು ಕೂಗುವುದು ನನಗೆ ಬೇಡ. ಅವನು ಯಾರವನು ಅನ್ನುವುದಕ್ಕಿಂತ ಅವನ ಶಿಷ್ಯಪರಂಪರೆ ಹೇಗೆ ವಿವರಿಸಿತು ಅನ್ನುವುದೇ ನಮಗೆ ಉಪಯೋಗದ್ದು.

ಒಂದು ಉದಾಹರಣೆ ಕೊಡುತ್ತೇನೆ, ಸ್ವಲ್ಪ ನಿಧಾನವಾಗಿ. 1ರಿಂದ 10ರವರೆಗಿನ ಸಂಖ್ಯೆಗಳನ್ನು ಕೂಡಿಸಿದರೆ 55. ಹತ್ತರ ವರ್ಗದ ಅರ್ಧ 50. ಹತ್ತಿರ ಇದೆ, ಆದರೆ ಸರಿಯಿಲ್ಲ. 1ರಿಂದ 1000ದವರೆಗೆ ಕೂಡಿಸಿದರೆ 5,00,500. ಸಾವಿರದ ವರ್ಗದ ಅರ್ಧ 5,00,000. ಮೊದಲನೆಯದರಲ್ಲಿ ಆ ಅರ್ಧಕ್ಕಿಂತ ನೂರಕ್ಕೆ ಹತ್ತು ಹೆಚ್ಚಿತ್ತು, ಇಲ್ಲಿ ಸಾವಿರಕ್ಕೆ ಒಂದು ಮಾತ್ರ. ತುಂಡುಗಳು ಹೆಚ್ಚಾದಷ್ಟೂ ಮೊತ್ತ ವರ್ಗದ ಅರ್ಧಕ್ಕೆ ಹತ್ತಿರವಾಗುತ್ತದೆ. ಯಾಕೆ? ಯುಕ್ತಿಭಾಷೆ ಹೇಳುವುದು ಸುಮಾರಾಗಿ ಹೀಗೆ: ಎಲ್ಲ ಪದಗಳೂ ಕೊನೆಯ ಪದದಷ್ಟೇ ಇದ್ದಿದ್ದರೆ ಮೊತ್ತ ಪೂರ್ತಿ ವರ್ಗ ಆಗುತ್ತಿತ್ತು. ಈಗ ಒಂದೊಂದು ಪದದಲ್ಲೂ ಸ್ವಲ್ಪ ಕೊರತೆ ಇದೆ. ಆ ಕೊರತೆಗಳನ್ನು ಸಾಲಾಗಿ ಇಟ್ಟರೆ ಅದೂ ಇಂಥದ್ದೇ ಸಾಲು, ತಲೆಕೆಳಗಾಗಿ ನಿಂತದ್ದು. ಹಾಗಾದರೆ ಇದ್ದದ್ದೂ ಕೊರತೆಯೂ ಹೆಚ್ಚುಕಡಿಮೆ ಸಮಪಾಲು, ಅಂದರೆ ಅರ್ಧ. ತುಂಡುಗಳನ್ನು ಸಣ್ಣದು ಮಾಡುತ್ತ ಹೋದರೆ ಉಳಿದ ವ್ಯತ್ಯಾಸ ಗಣನೆಗೆ ಬಾರದಷ್ಟಾಗುತ್ತದೆ.

ಮೊದಲ ವರ್ಷದಲ್ಲಿ ‘ಎಕ್ಸ್‌ನ ಇಂಟಿಗ್ರಲ್ ಎಕ್ಸ್ ಸ್ಕ್ವೇರ್ ಬೈ ಟು’ ಎಂದು ಬಾಯಿಪಾಠ ಮಾಡುವುದು ಇದನ್ನೇ. ವರ್ಗಗಳ ಮೊತ್ತಕ್ಕೆ ಘನದ ಮೂರನೇ ಒಂದು, ಘನಗಳ ಮೊತ್ತಕ್ಕೆ ನಾಲ್ಕನೇ ಘಾತದ ನಾಲ್ಕನೇ ಒಂದು, ಹೀಗೆ ಮುಂದುವರಿದು ಮಾಧವನ ಶ್ರೇಣಿ ಹೊರಬರುತ್ತದೆ. ಆ ಶ್ರೇಣಿ ಬಹಳ ನಿಧಾನಿ. 50 ಪದ ಕೂಡಿಸಿದರೂ ಪೈ ಬೆಲೆ 3.12ರ ಹತ್ತಿರವೇ ಇರುತ್ತದೆ, 3.14 ಕೂಡ ಮುಟ್ಟುವುದಿಲ್ಲ. ಅದಕ್ಕೇ ಕೊನೆಯಲ್ಲಿ ಸೇರಿಸುವ ತಿದ್ದುಪಡಿಯ ಪದವನ್ನೂ ಆ ಪರಂಪರೆ ಕೊಟ್ಟಿತು. ಎಷ್ಟು ಪದಕ್ಕೆ ನಿಲ್ಲಿಸಬೇಕು, ನಿಲ್ಲಿಸಿದರೆ ತಪ್ಪು ಎಷ್ಟು ಎಂಬುದು ಎಂಜಿನಿಯರಿಗೆ ದಿನನಿತ್ಯದ ಪ್ರಶ್ನೆ.

ಈ ಮೊತ್ತಗಳಿಗೆ ಯುಕ್ತಿಭಾಷೆಯಲ್ಲಿ ಇರುವ ಹೆಸರು ‘ಸಂಕಲಿತ’. ಮಹಾವೀರಾಚಾರ್ಯನಲ್ಲೂ ಶ್ರೇಢಿಯ ಮೊತ್ತಕ್ಕೆ ಸಂಕಲಿತವೇ. ನಮ್ಮ ಶಾಲೆಯಲ್ಲಿ ಕೂಡುವುದಕ್ಕೆ ‘ಸಂಕಲನ’, ಕಳೆಯುವುದಕ್ಕೆ ‘ವ್ಯವಕಲನ’. ಕ್ಯಾಲ್ಕುಲಸ್‌ನ ಎರಡು ಕೆಲಸಗಳಿಗೆ ‘ಅವಕಲನ’, ‘ಅನುಕಲನ’ ಎಂಬ ಪದಗಳೂ ಕನ್ನಡದಲ್ಲಿವೆ. ಎಲ್ಲ ಒಂದೇ ಬೇರಿನಿಂದ ಬಂದವು. ಆದ್ದರಿಂದ ಪದಗಳ ಬಡತನ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಂದನೇ ತರಗತಿಯ ಸಂಕಲನದಿಂದ ಮೊದಲ ಸೆಮಿಸ್ಟರಿನ ಅನುಕಲನದವರೆಗೆ ಕರಕೊಂಡು ಹೋಗುವ ವಿವರಣೆ ಬೇಕಾಗಿದೆ.

2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಿತು. ಒಳ್ಳೆಯದೇ. ಆದರೆ ಗಡಿಯಾಚೆಯ ನಾವು ಬರೆಯುವ ಪರೀಕ್ಷೆ ಇಂಗ್ಲಿಷಿನದು. ನಮಗೆ ಪೂರ್ತಿ ಕನ್ನಡ ಕೋರ್ಸಿಗಿಂತ, ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿ ತೆರೆದಿಟ್ಟು ಓದಬಹುದಾದ ಮೂವತ್ತು ನಲವತ್ತು ಪುಟಗಳ ಯುಕ್ತಿಯ ಗದ್ಯ ಹೆಚ್ಚು ಕೆಲಸಕ್ಕೆ ಬರುತ್ತದೆ.

ಅದನ್ನು ಬರೆಯಬಲ್ಲವರು ಯಾರು? ಕಾಸರಗೋಡಿನವರಿಗೆ ಮನೆಯಲ್ಲಿ ತುಳುವೋ ಕನ್ನಡವೋ ಹವ್ಯಕವೋ ಇದ್ದರೂ ಬಸ್ಸಿನಲ್ಲಿ, ಆಫೀಸಿನಲ್ಲಿ ಮಲಯಾಳ ಬಂದೇ ಬರುತ್ತದೆ. ಇಲ್ಲಿಯವರೆಗೆ ಅದನ್ನು ನಾವು ಹೊರೆ ಎಂದೇ ಹೇಳಿಕೊಂಡು ಬಂದಿದ್ದೇವೆ. ಹಳೆಯ ಮಲಯಾಳ ಸುಲಭ ಅಂತ ನಾನು ಹೇಳುವುದಿಲ್ಲ. ಆದರೂ ಯುಕ್ತಿಭಾಷೆಯನ್ನು ಇಂಗ್ಲಿಷಿನ ದಾರಿ ಹಿಡಿಯದೆ ಓದಿ ಕನ್ನಡದಲ್ಲಿ ವಿವರಿಸಲು ಇಲ್ಲಿಯ ಒಬ್ಬ ಗಣಿತದ ಮೇಷ್ಟ್ರು, ಒಬ್ಬ ಕನ್ನಡ ವಿದ್ಯಾರ್ಥಿ ಜೊತೆಗೆ ಕೂತರೆ ಸಾಕು. ಶುರು ಮಾಡಲು ಪರಿಧಿ–ವ್ಯಾಸದ ಆರನೆಯ ಅಧ್ಯಾಯವೇ ಒಳ್ಳೆಯದು. ಸಂಕಲಿತದ ವಾದ ಇರುವುದು ಅಲ್ಲೇ.