ಉಪ್ಪಿನ ಸೆಳೆತಕ್ಕೆ ಓಡುವ ಪಂಪು

ಮಾವಿನ ಮಿಡಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ನಾಲ್ಕಾರು ದಿನಗಳಲ್ಲಿ ಮಿಡಿ ಸುಕ್ಕುಗಟ್ಟಿ, ಭರಣಿಯಲ್ಲಿ ನೀರು ನಿಲ್ಲುತ್ತದೆ. ಮಿಡಿಯೊಳಗಿನ ನೀರನ್ನು ಉಪ್ಪು ಹೊರಗೆಳೆದಿರುತ್ತದೆ. ಶಾಲೆಯ ವಿಜ್ಞಾನ ಪುಸ್ತಕಗಳು ಇದನ್ನು ಅಭಿಸರಣೆ ಎನ್ನುತ್ತವೆ. ಈ ಸೆಳೆತದಿಂದಲೇ ಔಷಧದ ಪಂಪನ್ನು ನಡೆಸಬಹುದೆಂದು 1955ರಲ್ಲಿ ತೋರಿಸಿಕೊಟ್ಟವರು ಆಸ್ಟ್ರೇಲಿಯದ ರೋಸ್ ಮತ್ತು ನೆಲ್ಸನ್.

ಅವರ ಪಂಪು ಮನುಷ್ಯರಿಗಾಗಿ ಮಾಡಿದ್ದಲ್ಲ. ಕುರಿ, ದನಗಳ ಹೊಟ್ಟೆಯೊಳಗೆ ಒಂದೇ ಸಮನೆ ಔಷಧ ಹರಿಸುವುದು ಉದ್ದೇಶ. (ದಿನವೂ ದನದ ಬಾಯಿ ತೆರೆಸಿ ಗೊಟ್ಟದಲ್ಲಿ ಔಷಧ ಹುಯ್ಯುವ ಕಷ್ಟ ಸಾಕಿದವರಿಗೇ ಗೊತ್ತು.) ಪಂಪಿಗೆ ಮೂರು ಕೋಣೆ. ಮೊದಲನೆಯದರಲ್ಲಿ ನೀರು, ನಡುವೆ ನೀರನ್ನು ಸೆಳೆಯುವ ವಸ್ತು, ಕೊನೆಯದರಲ್ಲಿ ಔಷಧ. ನೀರು ಪೊರೆಯನ್ನು ದಾಟಿ ನಡುವಿನ ಕೋಣೆಗೆ ಬಂದಾಗ ಅದು ಉಬ್ಬುತ್ತದೆ. ಆಚೆ ಬದಿಯ ರಬ್ಬರಿನಂಥ ಹಾಳೆಯನ್ನು ಒತ್ತುತ್ತದೆ. ಔಷಧ ತೂತಿನಿಂದ ಹೊರಬೀಳುತ್ತದೆ. ಬ್ಯಾಟರಿ ಇಲ್ಲ, ಕೀಲಿ ಇಲ್ಲ.

ಆದರೆ ನೀರು ತುಂಬಿದ ಗಳಿಗೆಯಿಂದಲೇ ಪಂಪು ಓಡತೊಡಗುತ್ತಿತ್ತು. ಅಂಗಡಿಯಲ್ಲಿಟ್ಟು ಮಾರುವ ಸರಕಲ್ಲ ಅದು. ದಾರಿ ಸಿಕ್ಕಿದ್ದು ಅಮೆರಿಕದಲ್ಲಿ. ಉರುಗ್ವೆಯಲ್ಲಿ ಹುಟ್ಟಿದ ಅಲೆಹಾಂದ್ರೊ ಜಫರೋನಿ 1968ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆಲ್ಜಾ ಕಂಪನಿ ತೆರೆದರು. ತಮ್ಮ ಹೆಸರು, ಅಡ್ಡಹೆಸರುಗಳ ಮೊದಲ ಅಕ್ಷರಗಳನ್ನೇ ಅದಕ್ಕಿಟ್ಟರು. ಅಲ್ಲಿನ ಹಿಗುಚಿ ಮತ್ತು ಲೀಪರ್ ನೀರಿನ ಕೋಣೆಯನ್ನೇ ತೆಗೆದುಹಾಕಿದರು. ದೇಹದಲ್ಲೇ ಬೇಕಾದಷ್ಟು ನೀರಿರುವಾಗ ಪಂಪಿನಲ್ಲೇಕೆ ತುಂಬಿಡಬೇಕು?

ಅದೇ ಕಂಪನಿಯ ಫೆಲಿಕ್ಸ್ ಥೀವ್ಸ್ 1970ರ ದಶಕದಲ್ಲಿ ಪಂಪನ್ನು ಇನ್ನಷ್ಟು ಕುಗ್ಗಿಸಿದರು. ಪ್ರಯೋಗಾಲಯದ ಇಲಿಗಳ ಚರ್ಮದಡಿ ಇಡುವ ಆಲ್ಜೆಟ್ ಪಂಪು ಸುಮಾರು 3 ಸೆಂಟಿಮೀಟರ್ ಉದ್ದ. ಅದರ ಒಂದು ಮಾದರಿ ಗಂಟೆಗೆ 1 ಮೈಕ್ರೋಲೀಟರ್‌ನಂತೆ ವಾರವಿಡೀ ಔಷಧ ಹರಿಸುತ್ತದೆ. ವಾರಕ್ಕೆ ಮೂರು ನಾಲ್ಕು ಹನಿಯಷ್ಟೇ! ವೇಗವನ್ನು ಕಾಯುವುದು ಹೊರಪೊರೆ. ನೀರು ಅದನ್ನೆಷ್ಟು ದಾಟುವುದೋ ಅಷ್ಟೇ ಔಷಧ ಹೊರಕ್ಕೆ.

ಮುಂದಿನ ಹೆಜ್ಜೆ, ಮಾತ್ರೆಯನ್ನೇ ಪಂಪಾಗಿಸುವುದು. ಔಷಧದ ಮಾತ್ರೆಗೆ ಪೊರೆ ಹೊದಿಸಿ, ಲೇಸರ್ ಕಿರಣದಿಂದ ಸಣ್ಣ ತೂತು ಕೊರೆದರು. ತೂತು ದೊಡ್ಡದಾದರೆ ಔಷಧ ತಾನಾಗಿ ಸೋರುತ್ತದೆ, ತೀರ ಸಣ್ಣದಾದರೆ ಒಳಗೆ ಒತ್ತಡ ಏರುತ್ತದೆ. ಈ ಲೆಕ್ಕವೆಲ್ಲ ಸರಿಯಾಗಿಯೇ ಇತ್ತು. ಎಡವಿದ್ದು ಬೇರೆಡೆ.

ಕೀಲುನೋವಿಗೆ ಕೊಡುವ ಇಂಡೊಮೆಥಾಸಿನ್ ಔಷಧದ ಇಂಥ ಮಾತ್ರೆ, ಆಸ್ಮೋಸಿನ್, ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂತು. ಕೆಲವು ರೋಗಿಗಳ ಕರುಳು ತೂತಾಯಿತು, ಸಾವುಗಳೂ ವರದಿಯಾದವು. 1983ರಲ್ಲಿ ಮಾತ್ರೆಯನ್ನು ಹಿಂತೆಗೆದುಕೊಳ್ಳಲಾಯಿತು. ಮಾತ್ರೆ ಕರುಳಿನಲ್ಲಿ ಒಂದೆಡೆ ಸಿಕ್ಕಿಕೊಂಡು, ಗಾಢವಾದ ಔಷಧವೂ ಅದರೊಡನಿದ್ದ ಪೊಟ್ಯಾಸಿಯಂ ಲವಣವೂ ಒಂದೇ ಜಾಗಕ್ಕೆ ತಾಗುತ್ತಿದ್ದವೆಂಬುದು ಶಂಕೆ. ರಕ್ತದಲ್ಲಿ ಔಷಧದ ಮಟ್ಟ ಎಷ್ಟೇ ಸಮನಾಗಿದ್ದರೂ, ತೂತಿನೆದುರಿನ ಕರುಳಿಗೆ ಅದರಿಂದ ರಕ್ಷಣೆಯಿಲ್ಲ.

ಅಷ್ಟಕ್ಕೇ ಈ ವಿದ್ಯೆ ನಿಲ್ಲಲಿಲ್ಲ. 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ರೊಕಾರ್ಡಿಯಾ ಎಕ್ಸ್‌ಎಲ್ ಮಾತ್ರೆಯಲ್ಲಿ ಎರಡು ಪದರಗಳಿವೆ. ಕೆಳಪದರ ನೀರು ಕುಡಿದು ಉಬ್ಬಿ, ಮೇಲಿನ ನಿಫೆಡಿಪಿನ್ನನ್ನು ತೂತಿನಿಂದ ದೂಡುತ್ತದೆ. ದಿನಕ್ಕೆ ಮೂರು ಬಾರಿ ನುಂಗಬೇಕಿದ್ದ ರಕ್ತದೊತ್ತಡದ ಔಷಧ ಒಂದೇ ಬಾರಿಗೆ ಇಳಿಯಿತು. ಇಂಥ ಮಾತ್ರೆಯನ್ನು ಮುರಿದು ಅಥವಾ ಅಗಿದು ತಿನ್ನಬಾರದು. ಇಡೀ ದಿನದ ಔಷಧ ಒಮ್ಮೆಗೇ ಮೈಗೇರಬಹುದು. ಮಲದಲ್ಲಿ ಮಾತ್ರೆಯಂಥದ್ದೇ ಏನೋ ಕಂಡರೆ ಗಾಬರಿ ಬೇಡ. ಅದು ಔಷಧವೆಲ್ಲ ಖಾಲಿಯಾದ ಬರಿಯ ಸಿಪ್ಪೆ.