ಕವಚದ ಕಾರಿನ ಬೆನ್ನೆಲುಬು

ಎರಡು ಮಹಾಯುದ್ಧಗಳ ನಡುವಿನ ಚೆಕೊಸ್ಲೊವಾಕಿಯ ತನ್ನ ಸೈನ್ಯಕ್ಕಾಗಿ ರೂಪಿಸಿಕೊಂಡ ಉಕ್ಕಿನ ಕವಚದ ವಾಹನಗಳಲ್ಲಿ, ಟಾಟ್ರಾ ಕಾರ್ಖಾನೆ ಕಟ್ಟಿದ ‘ಓಎ ಮಾದರಿ 30’ ಎಂಬ ಆರು ಚಕ್ರದ ಕಾರು ಕರ್ನಾಟಕದ ಓದುಗರು ವಿಶೇಷವಾಗಿ ಗಮನಿಸಬೇಕಾದದ್ದು. ಅದರ ಕವಚ ಬಹಳ ತೆಳುವಾಗಿತ್ತು, ಆಯುಧವೆಂದರೆ ಎರಡು ಮೆಷಿನ್‌ಗನ್‌ಗಳಷ್ಟೇ. ತಯಾರಾದವು ಸುಮಾರು 50. ಅದರ ನಿಜವಾದ ಹಿರಿಮೆ ಇದ್ದದ್ದು ಅಡಿಗಟ್ಟಿನಲ್ಲಿ. ಹಾನ್ಸ್ ಲೆಡ್ವಿಂಕಾ 1923ರ ಟಾಟ್ರಾ 11 ಕಾರಿಗೆಂದು ರೂಪಿಸಿದ ಈ ರಚನೆಯಲ್ಲಿ ಗಟ್ಟಿಯಾದ ಒಂದು ಉಕ್ಕಿನ ಕೊಳವೆಯೇ ಬೆನ್ನೆಲುಬಾಗಿ, ಎಂಜಿನ್ನಿನ ಶಕ್ತಿಯನ್ನು ಒಯ್ಯುವ ದಂಡ ಅದರೊಳಗೇ ತಿರುಗುತ್ತ, ಎರಡೂ ಬದಿಯ ಅರ್ಧ ಅಚ್ಚುಗಳು ಒಂದಕ್ಕೊಂದು ಅಂಟಿಕೊಳ್ಳದೆ ಏರಿಳಿಯುವುದರಿಂದ ಪ್ರತಿ ಚಕ್ರವೂ ತಗ್ಗುದಿಣ್ಣೆಯಲ್ಲಿ ನೆಲವನ್ನು ಬಿಡದೆ ಹಿಡಿಯುತ್ತದೆ. ಮಳೆಗಾಲದಲ್ಲಿ ಹಲಸಂಗಿ, ಇಂಡಿ, ಸಿಂದಗಿ ಸೀಮೆಯ ಎರೆನೆಲದಲ್ಲಿ ಚಕ್ಕಡಿಯ ಗಾಲಿ ಹೂತುಹೋಗುವುದನ್ನು ಕಂಡವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

1938ರಲ್ಲಿ ಸುಡೇಟನ್ ಗಡಿಪ್ರದೇಶದ ದಂಗೆಯನ್ನು ಅಡಗಿಸಲು ಬಳಕೆಯಾದ ಈ ಕಾರುಗಳಲ್ಲಿ ಹಲವು, 1939ರ ಮಾರ್ಚಿನಲ್ಲಿ ದೇಶದ ಚೆಕ್ ಭಾಗ ಜರ್ಮನಿಯ ವಶವಾದಾಗ ಶತ್ರುವಿನ ಪಾಲಾದವು. ಆದರೆ ಬೆನ್ನೆಲುಬಿನ ವಿನ್ಯಾಸ ಟಾಟ್ರಾದ ಲಾರಿಗಳಲ್ಲಿ ಉಳಿಯಿತು. 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸಾರ್ವಜನಿಕ ಉದ್ದಿಮೆ ಬಿಇಎಂಎಲ್ ಈ ಲಾರಿಗಳಿಗಾಗಿ 1986ರಲ್ಲಿ ಮಾಡಿಕೊಂಡ ಒಪ್ಪಂದದ ಮೂಲಕ ಅದು ಭಾರತೀಯ ಸೇನೆಗೂ ಬಂದಿತು. ಪಿನಾಕ ರಾಕೆಟ್ಟುಗಳ ಉಡಾವಣಾ ವ್ಯವಸ್ಥೆಯನ್ನು ಇಂದಿಗೂ ಟಾಟ್ರಾ ಲಾರಿಗಳೇ ಹೊರುತ್ತಿವೆ.