ಏರು ಹತ್ತುವ ಗಾಡಿಯ ಸದ್ದು

ವೈಟ್‌ಫೀಲ್ಡಿನ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಒಂದು ಮೀಟರ್ ಗೇಜ್ ರೈಲು ಓಡುತ್ತೆ. 12 ಮಿಲಿಮೀಟರ್ ಅಗಲದ ಹಳಿ, ಅಸಲಿಗಿಂತ 87 ಪಟ್ಟು ಚಿಕ್ಕದಾದ ವೈಪಿ ಸ್ಟೀಮ್ ಇಂಜಿನ್. ಅದರ ಬಾಡಿಯನ್ನು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ 3ಡಿ ಪ್ರಿಂಟ್ ಮಾಡಿಸಿದ್ದೆ. ಸದ್ದೊಂದು ಬಾಕಿ ಇತ್ತು. ಅದಕ್ಕೆ ಸೌಂಡ್ ಡಿಕೋಡರ್ ಬೇಕು. ಇಂಜಿನ್ನಿನ ಹೊಟ್ಟೆಯೊಳಗೆ ಕೂತು, ಹಳಿಯಲ್ಲಿ ಬರುವ ಡಿಜಿಟಲ್ ಆದೇಶ ಓದಿ, ಮೋಟಾರನ್ನೂ ಪುಟ್ಟ ಸ್ಪೀಕರನ್ನೂ ಒಟ್ಟಿಗೆ ನಡೆಸುವ ಸರ್ಕ್ಯೂಟ್ ಅದು.

ವೈಪಿಯೇ ಯಾಕೆ? ನಮ್ಮೂರು ಮದ್ದೂರಿನ ಹತ್ತಿರ. ವೈಟ್‌ಫೀಲ್ಡಿನ ಹಳಿ 1864ರಲ್ಲಿ ಜೋಲಾರಪೇಟೆ ಕಡೆಯಿಂದ ಬಂದ ಬ್ರಾಡ್‌ಗೇಜ್. 1882ರಲ್ಲಿ ಮೈಸೂರು ಮುಟ್ಟಿದ ನಮ್ಮೂರ ಕಡೆಯ ಹಳಿ ಮೀಟರ್ ಗೇಜ್. ಮದರಾಸಿನಿಂದ ಬಂದವರು ಮೈಸೂರಿಗೆ ಹೋಗಬೇಕಂದ್ರೆ ಬೆಂಗಳೂರಲ್ಲಿ ಇಳಿದು ಗಾಡಿ ಬದಲಾಯಿಸಬೇಕಿತ್ತು. ವೈಪಿ ಇಂಜಿನ್ನನ್ನು 1949ರಲ್ಲಿ ಮೊದಲು ಕಟ್ಟಿದ್ದು ಅಮೆರಿಕದ ಬಾಲ್ಡ್‌ವಿನ್ ಕಂಪನಿ. ಆಮೇಲೆ ಜಮ್‌ಶೆಡ್‌ಪುರದ ಟೆಲ್ಕೊ 1970ರವರೆಗೂ ಕಟ್ಟಿತು. ಅಪ್ಪ ಗದ್ದೆಯಲ್ಲಿ ನಿಂತು ಕೇಳಿದ್ದು ಇದನ್ನೇ. 1990ರ ದಶಕದಲ್ಲಿ ಆ ಹಳಿಯೂ ಬ್ರಾಡ್‌ಗೇಜ್ ಆಯ್ತು. ಆಗ ನಾನಿನ್ನೂ ಮಗು.

ಮೊದಲು ತಂದ ಡಿಕೋಡರನ್ನು ಬರೀ ಸಿಳ್ಳೆ ಕೇಳಿ ಆರಿಸಿದ್ದೆ. ಅದರೊಳಗೆ ಅಮೆರಿಕದ ಹತ್ತಾರು ಸಿಳ್ಳೆಗಳಿದ್ದವು. ದೀಪಾವಳಿಗೆ ಬಂದ ಅಪ್ಪನ ಮುಂದೆ ಇಂಜಿನ್ ಓಡಿಸಿದೆ. ಎರಡು ಸುತ್ತು ಸುಮ್ಮನೆ ನೋಡಿದ್ರು.

"ಕೂಗೇನೋ ಚೆನ್ನಾಗೈತೆ. ಆದ್ರೆ ಇದು ನಮ್ ಗಾಡಿ ಅಲ್ಲ ಕಣ್ಲಾ. ಇದು ಖಾಲಿ ಓಡ್ತಾ ಐತೆ."

"ಮೂರು ಡಬ್ಬಿ ಎಳೀತಿದೆಯಲ್ಲಪ್ಪ?"

"ಮೈಸೂರ್ ಕಡೆ ಗಾಡಿಗೂ ಬೆಂಗ್ಳೂರ್ ಕಡೆ ಗಾಡಿಗೂ ಸದ್ದೇ ಬೇರೆ. ಕಣ್ ಮುಚ್ಕಂಡ್ ಹೇಳ್ತಿದ್ವಿ. ಬೆಂಗ್ಳೂರ್ ಕಡೇದು ದಮ್ ಕಟ್ಟಿ ಹೋಗೋದು."

ಮ್ಯಾಪ್ ತೆಗೆದು ನೋಡಿದೆ. ಮದ್ದೂರಿಗಿಂತ ಬೆಂಗಳೂರು 200 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಪ್ಪ ಆ ಏರನ್ನು ಕಿವಿಯಲ್ಲೇ ಅಳೆದಿದ್ದರು.

ಲೆಕ್ಕ ಹೀಗಿದೆ. ವೈಪಿಗೆ ಎರಡು ಸಿಲಿಂಡರ್, ಪ್ರತಿ ಪಿಸ್ಟನ್ನಿಗೆ ಎರಡೂ ಕಡೆಯಿಂದ ಉಗಿಯ ಒತ್ತು. ಹಾಗಾಗಿ ಗಾಲಿ ಒಂದು ಸುತ್ತು ತಿರುಗಿದರೆ ನಾಲ್ಕು 'ಭುಸ್'. ಎಳೆಯುವ ಗಾಲಿಯ ವ್ಯಾಸ 1372 ಮಿಲಿಮೀಟರ್, ಅಂದ್ರೆ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಎರಡು ಭುಸ್, 36ರಲ್ಲಿ ಒಂಬತ್ತು. ಸಂಖ್ಯೆ ಹೇಳುವುದು ವೇಗವನ್ನಷ್ಟೇ. ಏರಿನಲ್ಲಿ ಡ್ರೈವರ್ ಹೆಚ್ಚು ಉಗಿ ಬಿಟ್ಟಾಗ ಪ್ರತಿ ಭುಸ್ಸೂ ಗಟ್ಟಿಯಾಗುತ್ತೆ, ಇಳಿಜಾರಿನಲ್ಲಿ ಉಗಿ ನಿಲ್ಲಿಸಿದರೆ ಬರೀ ಕಬ್ಬಿಣದ ಕಟಕಟ. ನನ್ನ ಮೇಜು ಸಪಾಟು, ಡಬ್ಬಿ ಹಗುರ. ಅಲ್ಲಿ ಮೋಟಾರಿಗೆ ಭಾರವೇ ಗೊತ್ತಾಗಲ್ಲ.

ಹಾಗಾಗಿ ಎರಡನೇ ಸಲ ಸಿಳ್ಳೆ ಬಿಟ್ಟು ದಮ್ಮು ನೋಡಿ ಆರಿಸಿದೆ. ಜರ್ಮನಿಯ ಇಎಸ್‌ಯು ಕಂಪನಿಯ ಲೋಕ್‌ಸೌಂಡ್ ತಂದೆ. ಅದರಲ್ಲಿ ಒಂದು ಗುಂಡಿ ಒತ್ತಿದರೆ ಹಿಂದೆ ಭಾರ ಇದ್ದಂತೆ ಸದ್ದು ಗಟ್ಟಿಯಾಗುತ್ತೆ, ಇನ್ನೊಂದು ಒತ್ತಿದರೆ ಇಳಿಜಾರಿನಂತೆ ತಣ್ಣಗಾಗುತ್ತೆ. ಬೇಕಾದ ರೆಕಾರ್ಡಿಂಗನ್ನೂ ನಾವೇ ತುಂಬಬಹುದು. ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಹಳೇ ಇಂಜಿನ್ನುಗಳನ್ನು ಮುಟ್ಟಿ ನೋಡಬಹುದು. ಆದ್ರೆ ತಣ್ಣಗೆ ನಿಂತ ಇಂಜಿನ್ ಏರು ಹತ್ತುವ ಸದ್ದನ್ನು ಹೇಳಲ್ಲ. ಅದು ಉಳಿದಿರೋದು ಹಳಿ ಪಕ್ಕ ಬೆಳೆದವರ ಕಿವಿಯಲ್ಲಿ, ಆ ಕಿವಿಗಳಿಗೂ ವಯಸ್ಸಾಗ್ತಾ ಇದೆ. ನಿಮ್ಮನೇಲಿ ಅಂಥವರಿದ್ದರೆ ಡಿಕೋಡರ್ ಆಮೇಲೆ ಕೊಳ್ಳಿ, ಮೊದಲು ಅವರನ್ನ ಕೇಳಿ.

ಸಂಕ್ರಾಂತಿಗೆ ಇಂಜಿನ್ನನ್ನು ಊರಿಗೇ ತಗೊಂಡು ಹೋದೆ. ಅಪ್ಪ ಕಣ್ಮುಚ್ಚಿ ಕೂತರು. ನಾನು ಗುಂಡಿ ಒತ್ತಿದೆ.

"ವಸಿ ಇನ್ನೂ ಭಾರ ಹಾಕ್ಲಾ," ಅಂದ್ರು.